ಹ್ಯೂಯೆನ್‌ತ್ಸಾಂಗ್‌ನ ಊರಲ್ಲಿ ಅಪ್ಪನ ಜೊತೆ ನಾಲ್ಕು ದಿನ

ಅಪ್ಪ ಬಾಗಲಕೋಟೆ ಕಡೆಯ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದವರು. ಚೀನಾಕ್ಕೆ ಹೋಗೋಣವಾ ಅಂತ ನಾನು ಕೇಳಿದಾಗ ಬೀಜಿಂಗ್, ಶಾಂಘೈ ಹೆಸರನ್ನೇ ಎತ್ತಲಿಲ್ಲ. "ಅಷ್ಟು ದೂರದಿಂದ ಬಂದಾವ ನಮ್ಮ ಪುಲಿಕೇಶಿ ಬಗ್ಗೆ ಬರದಿಟ್ಟು ಹೋದ. ಅವನ ಊರ ನಾವು ನೋಡೂದು ಬ್ಯಾಡೇನವ್ವಾ?" ಅಂದರು. ಹಾಗೆ ಶಿಯಾನ್ ನಿಗದಿಯಾಯಿತು. ಏಳನೇ ಶತಮಾನದಲ್ಲಿ ಭಾರತಕ್ಕೆ ಬಂದಿದ್ದ ಬೌದ್ಧ ಭಿಕ್ಷು ಹ್ಯೂಯೆನ್‌ತ್ಸಾಂಗ್‌ನ ಕಾಲದಲ್ಲಿ ಅದರ ಹೆಸರು ಚಾಂಗಾನ್, ತಾಂಗ್ ದೊರೆಗಳ ರಾಜಧಾನಿ.

ತಯಾರಿಯ ಬಗ್ಗೆ ಎರಡು ಮಾತು. ಅಕ್ಟೋಬರ್ ಮೊದಲ ವಾರ ಅಲ್ಲಿ ರಾಷ್ಟ್ರೀಯ ರಜೆ, ಎಲ್ಲಿ ನೋಡಿದರೂ ಜಾತ್ರೆ. ನಾವು ತಿಂಗಳ ಕೊನೆಗೆ ಹೋದೆವು. ಫೋನಿನಲ್ಲೇ ಹಣ ಕೊಡುವ ಆ್ಯಪ್ ಅಲಿಪೇಗೆ ನನ್ನ ಕಾರ್ಡನ್ನು ಮನೆಯಲ್ಲೇ ಜೋಡಿಸಿಕೊಂಡೆ. ಕಳ್ಳೆಕಾಯಿ ಕೊಳ್ಳಲೂ ಅದೇ ಬೇಕಾಯಿತು. ಗೂಗಲ್ ಮ್ಯಾಪ್ ಅಲ್ಲಿ ನಂಬುವಂತಿಲ್ಲ, ಅಲ್ಲಿಯದೇ ನಕ್ಷೆಯ ಆ್ಯಪ್ ಹಾಕಿಕೊಳ್ಳಿ. ಟಿಕೆಟ್ ಮುಂಗಡ ಬುಕ್ ಮಾಡುವಾಗಲೂ ಗೇಟಿನಲ್ಲೂ ಪಾಸ್‌ಪೋರ್ಟ್ ಕೇಳುತ್ತಾರೆ, ಅದು ಸದಾ ಕೈಯಲ್ಲಿರಲಿ.

ಮೊದಲ ದಿನ ಕೋಟೆ ಗೋಡೆ. ದಕ್ಷಿಣದ ಯೋಂಗ್‌ನಿಂಗ್ ಬಾಗಿಲಲ್ಲಿ ಹತ್ತಿದೆವು. ಮೇಲೆ ಬಾಡಿಗೆ ಸೈಕಲ್ ಸಿಗುತ್ತದೆ. ಗೋಡೆಯ ಸುತ್ತಳತೆ ಸುಮಾರು 13.7 ಕಿಲೋಮೀಟರ್, ನನಗೆ ಒಂದು ಸುತ್ತಿಗೆ ಎರಡು ತಾಸು ಹಿಡಿಯಿತು. ಅಪ್ಪ ಬ್ಯಾಟರಿ ಗಾಡಿಯಲ್ಲಿ ಕೂತರು. ನನ್ನ ತಪ್ಪು ಗೊತ್ತಾಗಿದ್ದು ಇಳಿದ ಮೇಲೆ. ಈ ಗೋಡೆ ದಾಟಿಯೇ ಹ್ಯೂಯೆನ್‌ತ್ಸಾಂಗ್ ಹೊರಟಿದ್ದು ಅಂತ ನಾನು ದಾರಿಯುದ್ದಕ್ಕೂ ಅಪ್ಪನಿಗೆ ಹೇಳಿದ್ದೆ. ಫಲಕ ಓದಿದರೆ, ಇದು ಮಿಂಗ್ ಕಾಲದ್ದು, 1370ರ ಸುಮಾರಿಗೆ ಕಟ್ಟಲು ಶುರುಮಾಡಿದ್ದು. ತಾಂಗ್ ಕಾಲದ ಚಾಂಗಾನ್ ಇದಕ್ಕಿಂತ ಬಹಳ ದೊಡ್ಡದು: ಹತ್ತಿರ ಹತ್ತಿರ 84 ಚದರ ಕಿಲೋಮೀಟರ್, ಚದುರಂಗದ ಹಲಗೆಯ ಮನೆಗಳಂತೆ ಹೆಣೆದ ಕೇರಿಗಳು. ಅದರ ಬಹುಪಾಲು ಈಗ ನೆಲದ ಕೆಳಗಿದೆ. ಹಾಗಾದರೆ ಅವನ ಕಾಲದ್ದು ಇನ್ನೂ ಏನು ನಿಂತಿದೆ? ಎರಡನೆಯ ದಿನ ಬಿಟ್ಟರೆ, ಉಳಿದ ದಿನ ನಾವು ಹುಡುಕಿದ್ದು ಅದನ್ನೇ.

ಎರಡನೆಯ ದಿನ ಮಣ್ಣಿನ ಸೈನಿಕರು. ಊರಿಂದ ಸುಮಾರು 40 ಕಿಲೋಮೀಟರ್, ಮೆಟ್ರೋ ಮತ್ತು ಬಸ್ಸಿನಲ್ಲಿ ಹೋದೆವು. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಸೈನ್ಯ ಅದು. ತಾಂಗ್‌ಗಿಂತ ಎಂಟು ನೂರು ವರ್ಷ ಹಿಂದಿನ ಚಿನ್ ಚಕ್ರವರ್ತಿಯದು. ಎಲ್ಲರೂ ನೇರ ಒಂದನೆಯ ಗುಂಡಿಗೆ ನುಗ್ಗುತ್ತಾರೆ. ನಾವು ಮೂರು, ಎರಡು, ಕೊನೆಗೆ ಒಂದು ಅಂತ ಹಿಂದುಮುಂದಾಗಿ ನೋಡಿದ್ದರಿಂದ ನಿಂತು ನೋಡಲು ಜಾಗ ಸಿಕ್ಕಿತು. ಮಂಡಿಯೂರಿದ ಬಿಲ್ಲುಗಾರನನ್ನು ಮಾತ್ರ ತಪ್ಪಿಸಬೇಡಿ. ಹಿಂದೆ ಹೋಗಿ ಅವನ ಕೆರದ ಅಟ್ಟೆ ನೋಡಿ. ಹೊಲಿಗೆಯ ಚುಕ್ಕಿಗಳನ್ನು ಒಂದೊಂದಾಗಿ ಕೊರೆದಿದ್ದಾರೆ. ಬೆರಳು, ಹಿಮ್ಮಡಿ ಊರುವ ಕಡೆ ಒತ್ತಾಗಿ, ನಡುವೆ ವಿರಳವಾಗಿ. ಮಣ್ಣಲ್ಲಿ ಹೂಳುವ ಗೊಂಬೆಯ ಅಂಗಾಲಿಗೆ ಯಾರೋ ಇಷ್ಟು ಶ್ರಮ ಪಟ್ಟಿದ್ದಾರೆ.

ಅಪ್ಪ ಶುದ್ಧ ಸಸ್ಯಾಹಾರಿ. ನಾವು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೋಗಿದ್ದೆವು. "ವೋ ಚಿ ಸು", ನಾನು ಸಸ್ಯಾಹಾರಿ, ಅನ್ನೋದನ್ನು ಚೀನೀ ಅಕ್ಷರದಲ್ಲಿ ಫೋನಿನಲ್ಲಿ ಬರೆದಿಟ್ಟುಕೊಂಡು ತೋರಿಸಿ, ಮೊಟ್ಟೆ, ಮಾಂಸದ ಸಾರು ಬೇಡ ಅಂತಲೂ ಬಿಡಿಸಿ ಹೇಳಬೇಕು. ಡ್ರಮ್ ಗೋಪುರದ ಹಿಂದಿನ ಮುಸ್ಲಿಂ ಕೇರಿಯಲ್ಲಿ ಎಳ್ಳಿನ ಪೇಸ್ಟ್ ಹಾಕಿದ ಲಿಯಾಂಗ್‌ಪಿ ಸಿಕ್ಕಿತು: ತಣ್ಣಗಿನ, ಅಗಲ ಅಗಲ ನೂಡಲ್ಸ್, ಮೇಲೆ ಸೌತೆಕಾಯಿ, ಖಾರದೆಣ್ಣೆ. ಅಪ್ಪ ಎರಡು ಬಟ್ಟಲು ತಿಂದರು. ಪಕ್ಕದ ಅಂಗಡಿಯಲ್ಲಿ ಜನ ಗಟ್ಟಿ ರೊಟ್ಟಿಯನ್ನು ಉಗುರಿನಷ್ಟು ಚೂರು ಚೂರು ಮಾಡಿ ಬಟ್ಟಲು ತುಂಬಿಸುತ್ತಿದ್ದರು. ಆ ಬಟ್ಟಲು ಒಳಗೆ ಹೋಗಿ ಕುರಿಮಾಂಸದ ಸಾರಲ್ಲಿ ಕುದ್ದು ಬರುತ್ತದೆ. "ಇವರೂ ರೊಟ್ಟಿ ಮುರಕೊಂಡ ತಿನ್ನೂ ಮಂದಿ" ಅಂತ ಅಪ್ಪನಿಗೆ ಖುಷಿ.

ಮೂರನೆಯ ದಿನವನ್ನು ಪೂರ್ತಿ ಶಿಲಾಶಾಸನಗಳ ಮ್ಯೂಸಿಯಂಗೆ ಕೊಟ್ಟೆವು. ಬೇಲಿನ್ ಅಂದರೆ ಶಾಸನಗಳ ಕಾಡು. ಪ್ರವಾಸಿಗಳು ಅರ್ಧ ಗಂಟೆಯಲ್ಲಿ ಹೊರಬೀಳುವ ಜಾಗ. ನನ್ನ ಮಟ್ಟಿಗೆ ಶಿಯಾನಿನಲ್ಲಿ ಇದಕ್ಕಿಂತ ದೊಡ್ಡ ಸಂಪತ್ತಿಲ್ಲ. 837ರಲ್ಲಿ ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನು 114 ಕಲ್ಲುಗಳ ಎರಡೂ ಮೈಗೆ ಕೊರೆಸಿ ನಿಲ್ಲಿಸಿದ್ದಾರೆ, ನಕಲು ಮಾಡುವವರಿಗೆ ತಪ್ಪಿಲ್ಲದ ಪಾಠ ಇರಲಿ ಅಂತ. 781ರ ಇನ್ನೊಂದು ಕಲ್ಲಿನಲ್ಲಿ ಚೀನಾಕ್ಕೆ ಬಂದ ಕ್ರೈಸ್ತರ ಕಥೆ ಇದೆ, ಕೆಳಗೆ ಸಿರಿಯಾಕ್ ಲಿಪಿಯ ಸಾಲುಗಳು. ಒಳಗೆ ಒಬ್ಬರು ಪಡಿಯಚ್ಚು ತೆಗೆಯುತ್ತಿದ್ದರು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿಗೆ ಇಳಿಸಿ, ಆಮೇಲೆ ಮಸಿ ಹಚ್ಚಿದ ಬಟ್ಟೆಯ ಉಂಡೆಯಿಂದ ತಟ್ಟುತ್ತಾ ಹೋಗುತ್ತಾರೆ. ತಗ್ಗಿನ ಅಕ್ಷರ ಬೆಳ್ಳಗೆ ಉಳಿಯುತ್ತದೆ. ನಮ್ಮಲ್ಲಿ ಶಾಸನದ ಅಚ್ಚು ತೆಗೆಯುವುದೂ ಹೀಗೆಯೇ. ಅಪ್ಪ ಅಲ್ಲಿಂದ ಒಂದು ತಾಸು ಅಲುಗಲಿಲ್ಲ.

ಕೊನೆಯ ದಿನ ದೊಡ್ಡ ಕಾಡು ಹೆಬ್ಬಾತಿನ ಗೋಪುರ, ಒಂದು ಬೌದ್ಧ ಪಗೋಡಾ. ಈಗಿನ ಕೋಟೆಯಿಂದ ನಾಲ್ಕು ಕಿಲೋಮೀಟರ್ ದಕ್ಷಿಣಕ್ಕಿದೆ, ಆದರೆ ಹ್ಯೂಯೆನ್‌ತ್ಸಾಂಗ್‌ನ ಕಾಲದಲ್ಲಿ ಇದು ಊರೊಳಗೇ ಇತ್ತು. 645ರಲ್ಲಿ ಭಾರತದಿಂದ ಮರಳುವಾಗ ಅವನು ತಂದದ್ದು 657 ಗ್ರಂಥ. ಅವನ್ನು ಕಾಪಾಡಲು 652ರಲ್ಲಿ ಕಟ್ಟಿಸಿದ್ದು ಈ ಗೋಪುರ. ಮುಂದೆ ಮತ್ತೆ ಕಟ್ಟಿದರು, ಈಗ ಏಳು ಅಂತಸ್ತು, ಸುಮಾರು 64 ಮೀಟರ್. ಒಳಗಿನ ಮರದ ಮೆಟ್ಟಿಲು ಹತ್ತಲು ಬೇರೆ ಟಿಕೆಟ್.

ಟಿಕೆಟ್ ತಗೊಂಡು ಬರುವಷ್ಟರಲ್ಲಿ ಅಪ್ಪ ದಕ್ಷಿಣದ ಬಾಗಿಲ ಮುಂದೆ ನಿಂತುಬಿಟ್ಟಿದ್ದರು. ಬಾಗಿಲ ಆಚೀಚೆ ಗೂಡುಗಳಲ್ಲಿ ಎರಡು ಕರಿಕಲ್ಲು. ಹ್ಯೂಯೆನ್‌ತ್ಸಾಂಗ್ ಅನುವಾದಿಸಿದ ಗ್ರಂಥಗಳಿಗೆ ಚಕ್ರವರ್ತಿ ತೈಝೋಂಗ್ ಬರೆದ ಮುನ್ನುಡಿ ಎಡಗಡೆ, ಅವನ ಮಗ ಗಾವ್‌ಝೋಂಗ್‌ನ ಮಾತು ಬಲಗಡೆ. ಹೆಸರಾಂತ ಕೈಬರಹಗಾರ ಚೂ ಸುಯಿಲಿಯಾಂಗ್‌ನ ಅಕ್ಷರ, 653ನೇ ಇಸವಿ. ಎಡಗಡೆಯ ಕಲ್ಲಿನ ಸಾಲುಗಳು ಬಲದಿಂದ ಎಡಕ್ಕೆ, ಬಲಗಡೆಯದು ಎಡದಿಂದ ಬಲಕ್ಕೆ. ಅಂದರೆ ಎರಡೂ ಬಾಗಿಲ ಮಗ್ಗುಲಿನಿಂದಲೇ ಶುರುವಾಗುತ್ತವೆ.

"ಐಹೊಳೆ ಶಾಸನ ಎಷ್ಟನೇ ಇಸವಿ ಹೇಳು?" ಅಂದರು, ಥೇಟ್ ಕ್ಲಾಸಿನಲ್ಲಿ ಕೇಳಿದ ಹಾಗೆ.

"634."

"ಹತ್ತೊಂಬತ್ತ ವರ್ಷ ಅಷ್ಟ ಫರಕ್ ನೋಡವ್ವಾ."

ಆಮೇಲೆ, ಪುಲಿಕೇಶಿಗೆ ಸೋತು ಹರ್ಷನ ಹರ್ಷವೇ ಉಡುಗಿತು ಅನ್ನುವ, ಆ ಶಾಸನ ಬರೆದ ಕವಿ ರವಿಕೀರ್ತಿಯ ಸಾಲನ್ನು ಸಂಸ್ಕೃತದಲ್ಲಿ, ಗಟ್ಟಿ ದನಿಯಲ್ಲಿ, ಆ ಕಲ್ಲಿನ ಎದುರು ನಿಂತು ಹೇಳಿದರು. ಪಕ್ಕದಲ್ಲಿದ್ದ ಚೀನೀ ಅಜ್ಜಿಯೊಬ್ಬರು ಪ್ರಾರ್ಥನೆ ಅಂದುಕೊಂಡು ಕೈಮುಗಿದರು. ಅಪ್ಪನೂ ಅವರಿಗೆ ಕೈಮುಗಿದರು.