ಐಇಎಲ್‌ಟಿಎಸ್ ರೀಡಿಂಗ್: ‘ನಾಟ್ ಗಿವನ್’ ಉತ್ತರವನ್ನು ಗುರುತಿಸುವ ಬಗೆ

ಇಂಗ್ಲಿಷ್ ಭಾಷಾ ಸಾಮರ್ಥ್ಯವನ್ನು ಅಳೆಯುವ ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆಯ ರೀಡಿಂಗ್ ವಿಭಾಗದಲ್ಲಿ ಮೂರು ದೀರ್ಘ ಪಠ್ಯಗಳನ್ನು ಓದಿ, 60 ನಿಮಿಷಗಳಲ್ಲಿ 40 ಪ್ರಶ್ನೆಗಳಿಗೆ ಉತ್ತರಿಸಬೇಕು. ಆದ್ದರಿಂದ ಪಠ್ಯವನ್ನು ಪದಪದವಾಗಿ ಓದುತ್ತಾ ಕೂರದೆ, ಶೀರ್ಷಿಕೆಯನ್ನೂ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನೂ ಗಮನಿಸಿ ನೇರವಾಗಿ ಪ್ರಶ್ನೆಗಳಿಗೆ ಹೋಗುವುದು ಒಳ್ಳೆಯದು.

ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾಗುವುದು ‘ಟ್ರೂ, ಫಾಲ್ಸ್, ನಾಟ್ ಗಿವನ್’ ಪ್ರಶ್ನೆಗಳಲ್ಲಿ. ಕೊಟ್ಟ ಹೇಳಿಕೆ ಪಠ್ಯಕ್ಕೆ ಹೊಂದಿದರೆ ‘ಟ್ರೂ’, ಪಠ್ಯಕ್ಕೆ ವಿರುದ್ಧವಾಗಿದ್ದರೆ ‘ಫಾಲ್ಸ್’, ಅದರ ಬಗ್ಗೆ ಪಠ್ಯದಲ್ಲಿ ಮಾಹಿತಿಯೇ ಇಲ್ಲದಿದ್ದರೆ ‘ನಾಟ್ ಗಿವನ್’. ಶಿವನಸಮುದ್ರದ ಜಲವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು ಎಂದಷ್ಟೇ ಪಠ್ಯದಲ್ಲಿದೆ ಎಂದುಕೊಳ್ಳೋಣ. ಗಣಿಗಳಿಗೆ ಆ ವಿದ್ಯುತ್ ಬಂದದ್ದು 1910ರ ನಂತರ ಎಂಬ ಹೇಳಿಕೆಯನ್ನು ಪಠ್ಯವೇ ಅಲ್ಲಗಳೆಯುವುದರಿಂದ ಅದು ‘ಫಾಲ್ಸ್’. ವಿದ್ಯುತ್ ಬಂದ ಮೇಲೆ ಗಣಿಯ ಖರ್ಚು ತಗ್ಗಿತು ಎಂಬ ಹೇಳಿಕೆಯಾದರೋ, ಕೇಳಲು ಎಷ್ಟೇ ಸಹಜವೆನಿಸಿದರೂ, ನೀವು ಕೋಲಾರದವರೇ ಆಗಿದ್ದು ನಿಮಗೆ ಆ ಇತಿಹಾಸ ಚೆನ್ನಾಗಿ ತಿಳಿದಿದ್ದರೂ, ಖರ್ಚಿನ ಬಗ್ಗೆ ಪಠ್ಯ ಏನನ್ನೂ ಹೇಳದಿರುವುದರಿಂದ ‘ನಾಟ್ ಗಿವನ್’ ಆಗುತ್ತದೆ. ಇಲ್ಲಿ ಪರೀಕ್ಷೆಗೆ ಒಳಪಡುವುದು ನಿಮ್ಮ ಸಾಮಾನ್ಯ ಜ್ಞಾನವಲ್ಲ, ಪಠ್ಯದಲ್ಲಿರುವ ಮಾತು ಮಾತ್ರ.

ಹೇಳಿಕೆಯಲ್ಲಿ ‘ಆಲ್’, ‘ಓನ್ಲಿ’, ‘ಆಲ್ವೇಸ್’ ಎಂಬ ಪದಗಳು ಕಂಡರೆ ಅವುಗಳಿಗೆ ಗೆರೆ ಎಳೆದುಕೊಳ್ಳಿ. ಪಠ್ಯದಲ್ಲಿ ‘ಸಮ್’ ಎಂದಿದ್ದರೆ ಅರ್ಥವೇ ಬದಲಾಗುತ್ತದೆ. ಈ ಬಗೆಯ ಪ್ರಶ್ನೆಗಳು ಪಠ್ಯದ ಕ್ರಮದಲ್ಲೇ ಬರುವುದರಿಂದ, ಮೂರನೆಯದರ ಮತ್ತು ಐದನೆಯದರ ಉತ್ತರ ಸಿಕ್ಕಿದ್ದರೆ ನಾಲ್ಕನೆಯದನ್ನು ಅವೆರಡರ ನಡುವೆ ಹುಡುಕಿದರೆ ಸಾಕು.

ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಕಾಗದದ ಮೇಲೆ ಬರೆಯುವ ಪರೀಕ್ಷೆಯಲ್ಲಿ ಉತ್ತರಗಳನ್ನು ಉತ್ತರಪತ್ರಿಕೆಗೆ ಇಳಿಸಲು ಪ್ರತ್ಯೇಕ ಸಮಯ ಸಿಗುವುದಿಲ್ಲ. ಆ ಕೆಲಸವೂ 60 ನಿಮಿಷಗಳೊಳಗೇ ಮುಗಿಯಬೇಕು.