ವೈಡ್‌ಬ್ಯಾಂಡ್ ಸೆನ್ಸರ್ ಬೇಯದಂಥ ಜಾಗ

ಚಾರ್ಮಾಡಿ ಘಾಟಿಯನ್ನು ಅರ್ಧ ಹತ್ತಿದ್ದೆವು. ಎರಡನೇ ಗೇರು, ಗಾಡಿಯಲ್ಲಿ ನಾಲ್ಕು ಜನ, ಡಿಕ್ಕಿ ತುಂಬ ಊರಿನ ತೆಂಗಿನಕಾಯಿ. ಅಷ್ಟೊತ್ತಿಗೆ ಡ್ಯಾಶ್‌ಬೋರ್ಡ್ ಮೇಲಿನ ಗೇಜಿನಲ್ಲಿ, ಹೊಗೆ ಪೈಪಿನ ವೈಡ್‌ಬ್ಯಾಂಡ್ ಸೆನ್ಸರ್ ಕೊಡುವ ಗಾಳಿ-ಪೆಟ್ರೋಲ್ ಪ್ರಮಾಣದ ಅಂಕಿ (ಲ್ಯಾಂಬ್ಡಾ) ಓಲಾಡತೊಡಗಿತು. 0.90, 0.97, 0.86, ಆಮೇಲೆ ಎರರ್. ಎಂಜಿನ್ ಸದ್ದಿನಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ತಿರುವಿನ ಪಕ್ಕ ಜಾಗ ನೋಡಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟೆ. ಮತ್ತೆ ಸ್ಟಾರ್ಟ್ ಮಾಡಿದರೆ ಸೆನ್ಸರ್ ಸರಿಯಾಗೇ ಓದುತ್ತಿತ್ತು. ಇದು ಬಿಸಿಗೆ ಬೇಯ್ತಾ ಇದೆ ಅಂತ ಅನುಮಾನ ಬಂದದ್ದು ಆಗಲೇ.

ಗಾಡಿ ಹಳೇ ಮಾರುತಿ ಎಸ್ಟೀಮ್, 1.3 ಲೀಟರ್ ಪೆಟ್ರೋಲ್. ಹೆಡರ್ಸ್, ಅಂದರೆ ಎಂಜಿನ್‌ನಿಂದ ಹೊಗೆ ಹೊರತರುವ ಪೈಪುಗಳನ್ನು ಹಾಕಿಸಿ, ನಾವೇ ಟ್ಯೂನ್ ಮಾಡಬಹುದಾದ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕೂರಿಸಿದ್ದೆ. ಗಾಡಿ ಜೊತೆ ಬರುವ ಸಾದಾ ಆಕ್ಸಿಜನ್ ಸೆನ್ಸರ್, ಪೆಟ್ರೋಲ್ ಜಾಸ್ತಿಯೋ ಕಮ್ಮಿಯೋ ಅಂತ ಮಾತ್ರ ಹೇಳುತ್ತದೆ. ಎಷ್ಟು ಜಾಸ್ತಿ, ಎಷ್ಟು ಕಮ್ಮಿ ಅಂತ ಗೊತ್ತಾಗಬೇಕಾದರೆ ವೈಡ್‌ಬ್ಯಾಂಡ್ ಬೇಕು. ನಾನು ತಂದದ್ದು ಬಾಷ್ ಎಲ್‌ಎಸ್‌ಯು 4.9. ಅದನ್ನು ಕೂರಿಸೋಕೆ ಪೈಪಿಗೆ ತೂತು ಕೊರೆದು, ಬಂಗ್ ಅನ್ನುವ ದಪ್ಪ ನಟ್ ಒಂದನ್ನು ವೆಲ್ಡ್ ಮಾಡಬೇಕು. "ಸಾರ್, ಇಲ್ಲೇ ಹಾಕೋಣ, ಸ್ಪಾನರ್ ಸಲೀಸಾಗಿ ಹೋಗುತ್ತೆ" ಅಂದರು ವೆಲ್ಡರ್. ನಾಲ್ಕು ಪೈಪು ಸೇರಿ ಒಂದಾಗುವ ಜಾಗ, ಎಂಜಿನ್ ಹೆಡ್ಡಿನಿಂದ ಹತ್ತಿರ ಹತ್ತಿರ 30 ಸೆಂಟಿಮೀಟರ್. ನಾನೂ ಹೂಂ ಅಂದೆ.

ಊರಿಂದ ಬೆಂಗಳೂರಿಗೆ ಬಂದಮೇಲೆ ದಾರಿಯುದ್ದಕ್ಕೂ ದಾಖಲಾಗಿದ್ದ ಅಂಕಿಗಳ ಲಾಗ್ ತೆಗೆದು ನೋಡಿದೆ. ಈ ಸೆನ್ಸರಿನ ಒಳಗೇ ಒಂದು ಹೀಟರ್ ಇದೆ. ತುದಿಯ ಸೆರಾಮಿಕ್ ಸುಮಾರು 780 ಡಿಗ್ರಿಯಲ್ಲಿ ನಿಂತರೇ ಅದರ ಲೆಕ್ಕ ಸರಿ ಬರುವುದು. ಒಳಗಿನ ಸೆಲ್ಲಿನ ರೆಸಿಸ್ಟೆನ್ಸ್ 300 ಓಮ್‌ನಲ್ಲಿ ನಿಲ್ಲುವ ಹಾಗೆ ಕಂಟ್ರೋಲರ್ ಹೀಟರನ್ನು ಏರಿಸುತ್ತಾ ಇಳಿಸುತ್ತಾ ಇರುತ್ತದೆ. ಪೈಪಿನಲ್ಲಿ ಬರುವ ಹೊಗೆ ಬಿಸಿಯಾದಷ್ಟೂ ಹೀಟರಿಗೆ ಕೆಲಸ ಕಮ್ಮಿ. ನನ್ನ ಲಾಗಿನಲ್ಲಿ ಘಾಟಿ ಹತ್ತುತ್ತಾ ಹತ್ತುತ್ತಾ ಹೀಟರ್ ಗೆರೆ ಇಳಿದು ಇಳಿದು ಸೊನ್ನೆಗೆ ಮುಟ್ಟಿತ್ತು. ಅಂಕಿ ಓಲಾಡಿದ್ದು ಸರಿಯಾಗಿ ಅಲ್ಲಿಂದ. ಕಂಟ್ರೋಲರಿಗೆ ಸೆನ್ಸರನ್ನು ಬಿಸಿ ಮಾಡೋಕೆ ಬರುತ್ತೆ, ತಣ್ಣಗೆ ಮಾಡೋಕೆ ಬರಲ್ಲ, ಅಲ್ವಾ? ನನಗೆ ಭಯವಾದದ್ದು ಎರರ್ ನೋಡಿ ಅಲ್ಲ, ಅದಕ್ಕೂ ಮುಂಚಿನ ಓಲಾಟ ನೋಡಿ. ಆ ಸುಳ್ಳು ಅಂಕಿ ನಂಬಿ ಪೆಟ್ರೋಲ್ ಕಮ್ಮಿ ಮಾಡಿದ್ದರೆ ಪಿಸ್ಟನ್ನಿಗೇ ಏಟು.

ತುದಿಯೊಂದೇ ಅಲ್ಲ, ಸೆನ್ಸರಿನ ಮೈಗೂ ಮಿತಿ ಇದೆ. ಸ್ಪಾನರ್ ಹಿಡಿಯುವ ಆರು ಮೂಲೆಯ ಭಾಗ 600 ಡಿಗ್ರಿ ದಾಟಬಾರದು. ವೈರು ಹೊರಬರುವ ಕಡೆ 250. ಸರಿ, ನನ್ನದು ಎಷ್ಟಿದೆ ಅಂತ ಅಳೆಯಲು ಕೂತೆ. ಇನ್‌ಫ್ರಾರೆಡ್ ಗನ್ ಹಿಡಿದರೆ ಒಂದೊಂದು ಸಲ ಒಂದೊಂದು ಅಂಕಿ. ಹೊಳೆಯುವ ಸ್ಟೀಲ್ ಮೇಲೆ ಅದನ್ನು ನಂಬೋ ಹಾಗಿಲ್ಲ. ಕೊನೆಗೆ ಮುಟ್ಟಿಸಿ ಬಿಸಿ ಅಳೆಯುವ ಕೆ ಟೈಪ್ ಥರ್ಮೋಕಪಲ್ ತಂದು, ಅದರ ತುದಿಯನ್ನು ಸೆನ್ಸರಿನ ಮೂಲೆಗೆ ಒತ್ತಿ ಸ್ಟೀಲ್ ಕ್ಲ್ಯಾಂಪಿನಲ್ಲಿ ಬಿಗಿದು, ವೈರು ಕಿಟಕಿಯಿಂದ ಒಳಗೆ ತಂದೆ. ನಂದಿ ಬೆಟ್ಟದ ಏರಿನಲ್ಲೇ 630 ತೋರಿಸಿತು. ಹೆಡರ್ಸಿಗೆ ಸುತ್ತಿಸಿದ್ದ ಬಿಸಿ ತಡೆಯುವ ಪಟ್ಟಿ, ಹೀಟ್ ವ್ರ್ಯಾಪ್, ಬಂಗಿನ ಬುಡದ ತನಕ ಬಂದಿತ್ತು, ಅದೂ ಬಿಸಿಯನ್ನು ಅಲ್ಲೇ ಕಟ್ಟಿಹಾಕಿತ್ತು. ವೈರಿನ ಮೇಲಿನ ತೋಳು (ಸ್ಲೀವ್) ಆಗಲೇ ಕಂದು ಬಣ್ಣಕ್ಕೆ ತಿರುಗಿ ಉಗುರು ತಾಗಿದರೆ ಪುಡಿಯಾಗುತ್ತಿತ್ತು.

ಹಾಗಂತ ಸುಮ್ನೆ ಹಿಂದಕ್ಕೆ ಹಿಂದಕ್ಕೆ ಹೋಗೋ ಹಾಗೂ ಇಲ್ಲ. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ದಾಟಿದರೆ ಎಂಜಿನ್ ಬಿಟ್ಟ ಹೊಗೆ ಹಾಗೇ ಸಿಗಲ್ಲ, ಅದು ಅರ್ಧ ಸುಟ್ಟದ್ದನ್ನು ಪೂರ್ತಿ ಸುಟ್ಟಿರುತ್ತದೆ. ಪೈಪಿನ ಕೊನೆಯಲ್ಲಿ ಹಾಕಿದರೆ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ನೆ ಓಡುವಾಗ, ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಇನ್ನು ನೀರು. ತಣ್ಣನೆಯ ಪೈಪಿನಲ್ಲಿ ಹೊಗೆಯ ಆವಿ ಹನಿಯಾಗಿ ನಿಲ್ಲುತ್ತದೆ. ಕೆಂಡದಂತೆ ಕಾದ ಸೆರಾಮಿಕ್ ಮೇಲೆ ಒಂದು ಹನಿ ಬಿದ್ದರೂ ಬಿರುಕು. ಪೈಪು ಉದ್ದವಾದಷ್ಟೂ ಬೆಳಗಿನ ಹೊತ್ತು ಈ ನೀರು ಜಾಸ್ತಿ.

ಹೊಸ ಜಾಗ ಹೆಡ್ಡಿನಿಂದ 75 ಸೆಂಟಿಮೀಟರ್, ಹೊಗೆ ಕ್ಯಾಟ್ ಮುಟ್ಟುವುದಕ್ಕೂ ಮೊದಲೇ. ಪೈಪಿನ ಮೇಲ್ಭಾಗದಲ್ಲಿ, ಗಡಿಯಾರದ ಮುಳ್ಳು ಒಂದು ಗಂಟೆ ತೋರಿಸುವ ಕಡೆಗೆ ವಾಲಿಸಿದೆ. ಮಟ್ಟಕ್ಕಿಂತ ಕನಿಷ್ಠ 10 ಡಿಗ್ರಿಯಾದರೂ ಮೇಲಕ್ಕೆ ಎದ್ದಿರಬೇಕು, ಆಗ ನೀರು ಸೆನ್ಸರಿನೊಳಗೆ ಕೂರಲ್ಲ. ರಸ್ತೆಯ ಹಂಪ್‌ಗಳಿಗೆ ತಗುಲುವ ಚಿಂತೆಯೂ ಇಲ್ಲ. ಈ ಸಲ ಬಂಗಿಗೆ ಒಂದು ಪ್ಲಗ್ ತಿರುಗಿಸಿಟ್ಟೇ ವೆಲ್ಡ್ ಮಾಡಿಸಿದೆ, ಬರೀ ಬಂಗಿಗೆ ವೆಲ್ಡ್ ಬಿದ್ದರೆ ಬಿಸಿಗೆ ಒಳಗಿನ ಮರೆ (ಥ್ರೆಡ್) ಸೊಟ್ಟಗಾಗುತ್ತದೆ. ಬ್ಯಾಟರಿ ತಂತಿ ಮೊದಲೇ ಬಿಚ್ಚಿದ್ದೆ. ಆರಿದ ಮೇಲೆ ಮರೆ ಸರಿಮಾಡುವ ಎಂ18 ಟ್ಯಾಪ್ ಒಮ್ಮೆ ಓಡಿಸಿ, ಮರೆಗೆ ಮಾತ್ರ ಬಿಸಿ ತಡೆಯುವ ಗ್ರೀಸ್ ಸವರಿ, ಟಾರ್ಕ್ ರೆಂಚಿನಲ್ಲಿ 45 ನ್ಯೂಟನ್ ಮೀಟರಿಗೆ ಬಿಗಿದೆ. ತುದಿಗೆ ಆ ಗ್ರೀಸ್ ಸೋಕಲೇಬಾರದು. ವ್ರ್ಯಾಪನ್ನು ಬಂಗಿನಿಂದ ಒಂದು ಗೇಣು ದೂರಕ್ಕೇ ಕತ್ತರಿಸಿದೆ. ಎಂಜಿನ್ ಸ್ಟಾರ್ಟ್ ಆಗದೆ ಸೆನ್ಸರಿನ ಹೀಟರ್ ಆನ್ ಆಗದ ಹಾಗೆ ರಿಲೇ ವೈರಿಂಗ್ ಬದಲಿಸಿದೆ. ಎಂಜಿನ್ ಓಡುವಾಗ ಮಾತ್ರ ಅದನ್ನು ಯಾವತ್ತೂ ಆಫ್ ಇಡಲ್ಲ, ತಣ್ಣಗಿರುವ ಸೆನ್ಸರಿಗೆ ಮಸಿ ಹಿಡಿಯುತ್ತದೆ.

ಮುಂದಿನ ಸಲ ಊರಿಂದ ಬರುವಾಗ ಅದೇ ಲೋಡು, ಅದೇ ಎರಡನೇ ಗೇರು. ಪಕ್ಕದಲ್ಲಿ ಕೂತ ತಮ್ಮ ಥರ್ಮೋಕಪಲ್ ಮೀಟರ್ ಓದುತ್ತಾ ಬಂದ. "ಅಣ್ಣಾ, 460... 490... 505." ಘಾಟಿಯ ಮೇಲೆ ಅದು 510ಕ್ಕೆ ನಿಂತಿತು. ಗೇಜು 0.89ರ ಆಸುಪಾಸು ಬಿಟ್ಟು ಕದಲಲಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದಾಗ ಕೆಳಗೆ ಬಗ್ಗಿ ನೋಡಿದೆ. ಹೊಸ ತೋಳು ಇನ್ನೂ ಮೊದಲಿನ ಬಣ್ಣದಲ್ಲೇ ಇತ್ತು.