ಮಾರ್ಕರ್ ನನ್ನ ಕೈಯಲ್ಲಿದ್ದಷ್ಟು ದಿನ

ಪಾಠ ಹೇಳಿಕೊಡುವುದು ನನಗೆ ಚೆನ್ನಾಗಿ ಬರುತ್ತದೆ ಅನ್ನುವ ಜಂಬ ಓದುವ ಕಾಲದಿಂದಲೂ ಇತ್ತು. ಪರೀಕ್ಷೆಯ ಹಿಂದಿನ ರಾತ್ರಿ ಸಹಪಾಠಿಗಳು ಬಂದು ಕೂರುತ್ತಿದ್ದದ್ದು ನನ್ನ ಕೋಣೆಯಲ್ಲೇ. ಹಾಗಾಗಿ ರೆಸಿಡೆಂಟ್ (ಆಸ್ಪತ್ರೆಯಲ್ಲಿ ತರಬೇತಿಯಲ್ಲಿರುವ ವೈದ್ಯೆ) ಆಗಿದ್ದಾಗ ವೈದ್ಯಕೀಯ ಮೊದಲ ವರ್ಷದ ಆರು ಮಂದಿಯನ್ನು ‘ಇವರನ್ನು ಸ್ವಲ್ಪ ನೋಡಿಕೊ’ ಎಂದು ಒಪ್ಪಿಸಿದಾಗ ಖುಷಿಯಿಂದಲೇ ಹೂಂ ಅಂದೆ. ನಾಲ್ವರು ಇಂಟರ್ನಲ್ಸ್‌ನಲ್ಲಿ ಹಿಂದೆ ಬಿದ್ದವರು, ಇಬ್ಬರು ತಾವಾಗಿಯೇ ಹೆಸರು ಕೊಟ್ಟವರು. ವಾರಕ್ಕೆ ಎರಡು ಸಂಜೆ, ಒಂದೊಂದು ಗಂಟೆ.

ಮೊದಲ ಸಂಜೆಗೆ ಬ್ರೇಕಿಯಲ್ ಪ್ಲೆಕ್ಸಸ್ ಆರಿಸಿಕೊಂಡೆ. ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳ ಜಾಲ ಅದು. ಅನಾಟಮಿಯಲ್ಲಿ ಮಕ್ಕಳು ಹೆದರುವ ಪಾಠಗಳಲ್ಲಿ ಒಂದು. ಮೇಲಿನಿಂದ ಕೆಳಕ್ಕೆ ಅದರ ಹಂತಗಳು: ಐದು ರೂಟ್, ಮೂರು ಟ್ರಂಕ್, ಆರು ಡಿವಿಜನ್, ಮೂರು ಕಾರ್ಡ್, ಕೊನೆಗೆ ಐದು ಮುಖ್ಯ ನರಗಳು. ನಾಲ್ಕು ಬಣ್ಣದ ಮಾರ್ಕರ್ ಹಿಡಿದು ಬೋರ್ಡ್ ತುಂಬ ಬರೆದೆ. ಮುಗಿದಾಗ ಚಿತ್ರ ನೋಡಲು ಎಷ್ಟು ಚೆನ್ನಾಗಿತ್ತೆಂದರೆ ಆರೂ ಜನ ಫೋನ್ ತೆಗೆದು ಫೋಟೋ ಹೊಡೆದುಕೊಂಡರು. ‘ಅಕ್ಕಾ, ಇವತ್ತು ಪೂರ್ತಿ ಅರ್ಥ ಆಯ್ತು’ ಅಂದರು. ನಾನೂ ನಂಬಿದೆ.

ಮುಂದಿನ ವಾರ ಒಬ್ಬೊಬ್ಬರಿಗೂ ಖಾಲಿ ಹಾಳೆ ಕೊಟ್ಟು ಅದೇ ಚಿತ್ರ ಬರೆಯಿರಿ ಅಂದೆ. ಒಬ್ಬಳು ಮೂರು ಟ್ರಂಕಿನವರೆಗೆ ಬಂದು ಪೆನ್ ಕಚ್ಚುತ್ತ ಕುಳಿತಳು. ಇನ್ನೊಬ್ಬ ಮೀಡಿಯನ್ ನರವನ್ನು ತಪ್ಪಾಗಿ ಪೋಸ್ಟೀರಿಯರ್ (ಹಿಂದಿನ) ಕಾರ್ಡಿಗೆ ಕಟ್ಟಿಹಾಕಿದ್ದ. ಇಬ್ಬರ ಹಾಳೆಯಲ್ಲಿ ಐದು ರೂಟ್ ಬಿಟ್ಟು ಬೇರೇನೂ ಇರಲಿಲ್ಲ. ಫೋಟೋ ಮಾತ್ರ ಎಲ್ಲರ ಫೋನಿನಲ್ಲೂ ಭದ್ರವಾಗಿತ್ತು.

ಆ ರಾತ್ರಿ ನನಗೆ ಸಿಟ್ಟು ಬಂದದ್ದು ಅವರ ಮೇಲೆ. ಓದಿಕೊಂಡೇ ಬಂದಿಲ್ಲ, ಇವರಿಗೆಲ್ಲ ಎಷ್ಟು ಹೇಳಿದರೂ ಅಷ್ಟೇ ಅಂದುಕೊಂಡೆ. ಆ ಗಂಟೆಯಲ್ಲಿ ಪ್ಲೆಕ್ಸಸ್ ಕಲಿತವಳು ನಾನೊಬ್ಬಳೇ ಎಂದು ಹೊಳೆಯಲು ಎರಡು ದಿನ ಬೇಕಾಯಿತು. ಮಾತಾಡಿದವಳು ನಾನು, ಗೆರೆ ಎಳೆದವಳು ನಾನು, ಎಲ್ಲಿ ಯಾವುದು ಸೇರುತ್ತದೆಂದು ನೆನಪಿನಿಂದ ಹೆಕ್ಕಿ ತೆಗೆದವಳೂ ನಾನು. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಓದಿದ್ದು ಆಮೇಲೆ. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರ ಕಳೆದ ಮೇಲೆ ಲೆಕ್ಕ ತಲೆಕೆಳಗಾಗಿತ್ತು. ನನ್ನ ಮಕ್ಕಳು ‘ಅರ್ಥ ಆಯ್ತು’ ಅಂದದ್ದು ಸುಳ್ಳಲ್ಲ. ಅದು ಐದು ನಿಮಿಷದ ಸತ್ಯ.

ಮೂರನೇ ಸಂಜೆ ಮಾರ್ಕರನ್ನು ಅವರ ಕೈಗೆ ಕೊಟ್ಟು ಹಿಂದಿನ ಬೆಂಚಿನಲ್ಲಿ ಕುಳಿತೆ. ಚಿತ್ರದ ಮಾತೇ ಎತ್ತದೆ ಒಂದು ಕೇಸ್ ಕೊಟ್ಟೆ: ಒಬ್ಬಾತ ಕುರ್ಚಿಯ ಬೆನ್ನಿಗೆ ತೋಳು ಇಳಿಬಿಟ್ಟು ರಾತ್ರಿಯಿಡೀ ನಿದ್ದೆ ಹೋಗಿದ್ದಾನೆ. ಬೆಳಿಗ್ಗೆ ಎದ್ದರೆ ಮಣಿಕಟ್ಟು ಜೋತುಬಿದ್ದಿದೆ, ಮೇಲೆತ್ತಲು ಆಗುತ್ತಿಲ್ಲ. ಯಾವ ನರ? ‘ರೇಡಿಯಲ್’ ಎಂದು ಥಟ್ಟನೆ ಬಂತು. ಮೊಣಕೈ ನೀಡಲು ಆಗುತ್ತದೆಯೇ? ಈಗ ಮೌನ. ಆ ಮೌನ ಸಹಿಸುವುದೇ ನನಗೆ ಕಷ್ಟವಾದದ್ದು; ಉತ್ತರ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ, ನಿಜವಾಗಿ. ಕಳೆದ ಸಲ ಪೆನ್ ಕಚ್ಚಿದ್ದವಳು ಎದ್ದು ಹೋಗಿ ತೋಳಿನ ಮೂಳೆ ಬರೆದಳು, ಅದರ ಹಿಂದೆ ನರ ಸುತ್ತಿಕೊಂಡು ಇಳಿಯುವುದನ್ನು ಬರೆದಳು. ತನ್ನ ತೋಳನ್ನೇ ಒಮ್ಮೆ ಬೆಂಚಿನ ಮೇಲೆ ಒತ್ತಿ ನೋಡಿಕೊಂಡಳು. ‘ಟ್ರೈಸೆಪ್ಸ್‌ಗೆ ಅಂದರೆ ಮೊಣಕೈ ನೀಡುವ ಸ್ನಾಯುವಿಗೆ ಹೋಗುವ ಕವಲುಗಳು ಬಹುಪಾಲು ಒತ್ತಡ ಬಿದ್ದ ಜಾಗಕ್ಕಿಂತ ಮೇಲೆಯೇ ಬೇರೆಯಾಗಿವೆ. ಹಾಗಾದರೆ ಮೊಣಕೈ ನೀಡಬಹುದು’ ಅಂದಳು. ಪಕ್ಕದವನು ಬಿಡಲಿಲ್ಲ: ‘ಊರುಗೋಲು ಕಂಕುಳಲ್ಲಿ ಒತ್ತಿದ್ದರೆ?’ ‘ಆಗ ಅದೂ ದುರ್ಬಲ ಆಗಬಹುದು.’ ಅಲ್ಲಿಂದ ಹಿಂದಕ್ಕೆ ನಡೆದು, ರೇಡಿಯಲ್‌ನಿಂದ ಪೋಸ್ಟೀರಿಯರ್ ಕಾರ್ಡ್, ಅದರಿಂದ ಮೂರೂ ಟ್ರಂಕುಗಳ ಹಿಂದಿನ ಡಿವಿಜನ್, ಹೀಗೆ ಅರ್ಧ ಜಾಲವನ್ನು ತಾವೇ ಕಟ್ಟಿದರು. ಗೆರೆಗಳು ಸೊಟ್ಟ. ಯಾರೂ ಫೋಟೋ ತೆಗೆಯಲಿಲ್ಲ.

ಆಮೇಲೆ ಫಿಸಿಯಾಲಜಿಯಲ್ಲೂ ಅದೇ ದಾರಿ. ಮೂತ್ರಪಿಂಡ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್ ಸೋಸುತ್ತದೆ ಅನ್ನುವುದು ಎಲ್ಲರಿಗೂ ಬಾಯಿಪಾಠ. ಹಾಗಾದರೆ ದಿನಕ್ಕೆಷ್ಟು ಎಂದು ಕೇಳಿದೆ. ಒಬ್ಬ ಹುಡುಗ ಗುಣಿಸಿ 180 ಲೀಟರ್ ಎಂದು ಬರೆದ, ಬರೆದದ್ದನ್ನು ತಾನೇ ಒರೆಸಿದ. ಯಾಕಪ್ಪಾ ಅಂದೆ. ‘ಅಕ್ಕಾ, ಮೈಯಲ್ಲಿ ಪ್ಲಾಸ್ಮಾ ಇರೋದೇ ಮೂರು ಲೀಟರ್. ಎಲ್ಲೋ ತಪ್ಪಿದೆ.’ ಪ್ಲಾಸ್ಮಾ ಅಂದರೆ ರಕ್ತದ ದ್ರವಭಾಗ. ಎಲ್ಲೂ ತಪ್ಪಿರಲಿಲ್ಲ. ಅದೇ ಪ್ಲಾಸ್ಮಾ ದಿನಕ್ಕೆ ಅರವತ್ತು ಸಲದಷ್ಟು ಸೋಸಿಹೋಗುತ್ತದೆ, ಒಂದೂವರೆ ಲೀಟರಿನಷ್ಟು ಬಿಟ್ಟು ಮಿಕ್ಕದ್ದೆಲ್ಲ ಮರಳಿ ರಕ್ತಕ್ಕೆ ಬರುತ್ತದೆ. ಸರಿ ಉತ್ತರವನ್ನು ಅಳಿಸಿಹಾಕಿದ ಆ ಹುಡುಗನ ಮೇಲೆ ನನಗೆ ಮೊದಲ ಸಲ ಗೌರವ ಬಂತು. ಅಲ್ಲಿಯವರೆಗೆ ಅವನನ್ನು ದಡ್ಡರ ಸಾಲಿಗೆ ಸೇರಿಸಿದ್ದೆ.

ವಾರ್ಡಿನಲ್ಲಿ ಕಲಿಯುವ ಕ್ಲಿನಿಕಲ್ ವರ್ಷದವರ ಜೊತೆ ಇದು ಇನ್ನೂ ಸುಲಭ, ಯಾಕೆಂದರೆ ರೋಗಿ ಎದುರಿಗೇ ಇರುತ್ತಾರೆ. 1992ರಲ್ಲಿ ಬಂದ ‘ಒನ್ ಮಿನಿಟ್ ಪ್ರಿಸೆಪ್ಟರ್’ ಅನ್ನುವ, ರೋಗಿಯ ಎದುರು ಕಲಿಸುವ ಕ್ರಮದಲ್ಲಿ ಐದು ಹೆಜ್ಜೆಗಳಿವೆ. ವಾರ್ಡಿನ ಗಡಿಬಿಡಿಯಲ್ಲಿ ನನಗೆ ದಕ್ಕಿದ್ದು ಮೊದಲೆರಡೇ. ವಿದ್ಯಾರ್ಥಿ ರೋಗಿಯ ಹಿಸ್ಟರಿ ಹೇಳಿ ಮುಗಿಸಿದ ತಕ್ಷಣ ‘ನಿನಗೆ ಏನು ಅನ್ನಿಸುತ್ತದೆ?’, ಆಮೇಲೆ ‘ಯಾಕೆ?’. ಎರಡನೆಯದನ್ನು ಕೇಳುವ ದನಿ ಮುಖ್ಯ. ಸ್ವಲ್ಪ ಬಿಗಿಯಾದರೂ ಹುಡುಗರಿಗೆ ಅದು ‘ನೀನು ಹೇಳಿದ್ದು ತಪ್ಪು’ ಎಂದು ಕೇಳಿಸುತ್ತದೆ, ಉತ್ತರ ಬದಲಾಯಿಸಿಬಿಡುತ್ತಾರೆ. ಹಾಗಾಗಿ ಸರಿ ಉತ್ತರಕ್ಕೂ ತಪ್ಪು ಉತ್ತರಕ್ಕೂ ಒಂದೇ ದನಿಯಲ್ಲಿ ‘ಯಾಕೆ’ ಅನ್ನುವುದನ್ನು ರೂಢಿಸಿಕೊಂಡೆ. ನಡುವೆ ಒಂದು ಸಲ ಮೊದಲ ವರ್ಷದ ನನ್ನ ಆ ಆರು ಮಕ್ಕಳ ವೈವಾಗೆ (ಮೌಖಿಕ ಪರೀಕ್ಷೆಗೆ) ಅಂಕ ಹಾಕುವ ಕೆಲಸವೂ ನನ್ನ ಪಾಲಿಗೆ ಬಂತು. ಮರುವಾರದಿಂದ ಯಾರೂ ಡೌಟ್ ಕೇಳಲಿಲ್ಲ. ಅಂಕ ಕೊಡುವವಳ ಮುಂದೆ ದಡ್ಡತನ ಯಾರು ತೋರಿಸುತ್ತಾರೆ? ಆ ಕೆಲಸ ಬೇರೆಯವರಿಗೆ ಕೊಡಿ ಎಂದು ಕೇಳಿಕೊಂಡೆ, ಕೊಟ್ಟರು.

ಇದೆಲ್ಲ ಟ್ಯೂಷನ್ ಆಯಿತು. ಮೆಂಟರಿಂಗ್ ಬೇರೆಯೇ ಎಂದು ಕಲಿಸಿದವನು ಮೂತ್ರಪಿಂಡದ ಹುಡುಗ. ಲೆಕ್ಕದಲ್ಲಿ ಚುರುಕು, ಆದರೆ ಅನಾಟಮಿಯ ಪ್ರಾಕ್ಟಿಕಲ್‌ನಲ್ಲಿ ಸೊನ್ನೆ. ನಾನು ಟೈಮ್‌ಟೇಬಲ್ ಹಾಕಿಕೊಟ್ಟೆ, ಫ್ಲ್ಯಾಶ್‌ಕಾರ್ಡ್ ಮಾಡಿಸಿದೆ, ಬೆಳಿಗ್ಗೆ ಐದಕ್ಕೆ ಏಳು ಅಂದೆ. ಎಲ್ಲದಕ್ಕೂ ತಲೆಯಾಡಿಸಿದ. ಒಂದು ದಿನ ದೇಹದಲ್ಲೇ ನರ ತೋರಿಸೋಣ ಎಂದು ಆರೂ ಜನರನ್ನು ಡಿಸೆಕ್ಷನ್ ಹಾಲ್‌ಗೆ ಕರೆದೊಯ್ದೆ. ಐವರು ಒಳಗೆ ಬಂದರು. ತಿರುಗಿ ನೋಡಿದರೆ ಇವನು ಬಾಗಿಲ ಹೊರಗೇ ಗೋಡೆಗೆ ಒರಗಿ ನಿಂತಿದ್ದ, ಹಣೆಯೆಲ್ಲ ಬೆವರು. ಶವ ಕೆಡದಂತೆ ಇಡುವ ಫಾರ್ಮಲಿನ್ ವಾಸನೆ ಬಂದರೆ ಸಾಕು, ಎದೆ ಹೊಡೆದುಕೊಳ್ಳುತ್ತಿತ್ತಂತೆ. ವಾರಗಟ್ಟಲೆಯಿಂದ ಹಾಲ್‌ನೊಳಗೆ ಕಾಲಿಟ್ಟಿರಲಿಲ್ಲ. ನಾನು ಐದಕ್ಕೆ ಅಲಾರಂ ಇಡು ಎನ್ನುತ್ತಿದ್ದೆ. ಅವನಿಗೆ ನಿದ್ದೆಯೇ ಬರುತ್ತಿರಲಿಲ್ಲ.

ಆಪ್ತಸಮಾಲೋಚಕರ ಹತ್ತಿರ ಹೋಗು ಎಂದರೆ ಹೋಗುವವನಲ್ಲ ಎಂದು ಗೊತ್ತಿತ್ತು, ಹಾಗಾಗಿ ಮೊದಲ ಸಲ ನಾನೇ ಬಾಗಿಲವರೆಗೆ ಜೊತೆಗೆ ಹೋದೆ. ಅದಕ್ಕೂ ಮೊದಲು ಒಂದು ಮಾತು ಹೇಳಿದ್ದೆ: ನೀನು ಹೇಳಿದ್ದು ನನ್ನಲ್ಲೇ ಇರುತ್ತದೆ, ಆದರೆ ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ನಾನು ಸುಮ್ಮನಿರುವುದಿಲ್ಲ. ಈ ಮಾತನ್ನು ಮೊದಲೇ ಹೇಳಬೇಕು. ಎಲ್ಲ ಕೇಳಿಕೊಂಡ ಮೇಲೆ ಹೇಳಿದರೆ ಮೋಸದಂತೆ ಕಾಣುತ್ತದೆ. ಹಾಲ್‌ಗೆ ಮರಳಿದ್ದು ನಿಧಾನವಾಗಿ, ಸಮಾಲೋಚಕರ ಸಲಹೆಯಂತೆ. ಯಾರೂ ಇಲ್ಲದ ಹೊತ್ತಿನಲ್ಲಿ ಬಾಗಿಲಲ್ಲಿ ಹತ್ತು ನಿಮಿಷ, ಇನ್ನೊಂದು ದಿನ ಮೂಳೆಗಳ ಮೇಜಿನ ಹತ್ತಿರ, ಮತ್ತೊಂದು ದಿನ ಉಳಿದದ್ದೆಲ್ಲ ಮುಚ್ಚಿ ಬರೀ ಒಂದು ಕೈ. ಎರಡನೇ ಪ್ರಯತ್ನದಲ್ಲಿ ಪಾಸಾದ.

ಆರರಲ್ಲಿ ಐವರು ಮುಂದೆ ಹೋದರು. ಉಳಿದ ಒಬ್ಬಳು ತಾನಾಗಿಯೇ ಹೆಸರು ಕೊಟ್ಟಿದ್ದವಳು, ಅಂಕಗಳಲ್ಲಿ ಎಲ್ಲರಿಗಿಂತ ಮುಂದೆ. ವರ್ಷದ ಕೊನೆಗೆ ಬಂದು, ಕೋರ್ಸ್ ಬಿಡುತ್ತಿದ್ದೇನೆ ಅಂದಳು. ಯಾವಾಗಿನಿಂದ ಹೀಗೆ ಅನ್ನಿಸುತ್ತಿತ್ತು ಎಂದು ಕೇಳಿದೆ. ‘ಮೊದಲ ತಿಂಗಳಿಂದ ಅಕ್ಕಾ. ನನ್ನ ಹತ್ತಿರ ಡೌಟ್ ಬಿಟ್ಟು ಬೇರೇನೂ ಯಾರೂ ಕೇಳ್ತಿರಲಿಲ್ಲ.’ ಅವಳ ಹೆಸರಿನ ಮುಂದೆ ನನ್ನ ನೋಟ್‌ಬುಕ್ಕಿನಲ್ಲಿ ವರ್ಷಪೂರ್ತಿ ಇದ್ದದ್ದು ಒಂದೇ ಪದ: ‘ಚೆನ್ನಾಗಿದ್ದಾಳೆ’.

ಈಗ ಹೊಸ ಬ್ಯಾಚಿನ ಮೊದಲ ಭೇಟಿಗೆ ಪುಸ್ತಕ ತರಬೇಡಿ ಅನ್ನುತ್ತೇನೆ. ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಡಾಕ್ಟರ್ ಆಗಬೇಕು ಅನ್ನುವುದು ಯಾರ ಆಸೆಯಾಗಿತ್ತು ಎಂದು ಕೇಳುತ್ತೇನೆ. ಹೆಚ್ಚಿನವರು ‘ನಂದೇ’ ಅನ್ನುತ್ತಾರೆ. ಕೆದಕುವುದಿಲ್ಲ. ಮೂರನೇ ತಿಂಗಳಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತೇನೆ, ಚೆನ್ನಾಗಿ ಓದುವವರನ್ನೂ ಸೇರಿಸಿ.